ಕೊನೆಯ ಮೂರು ಅಂಕಿ

ಶಬರಿಮಲೆ ಸನ್ನಿಧಾನದ ಪಿನ್‌ಕೋಡ್ 689713. ನವೆಂಬರ್ ನಡುವಿನಲ್ಲಿ ಮಂಡಲಪೂಜೆಯ ಕಾಲ ಶುರುವಾದಾಗ ಈ ಸಂಖ್ಯೆ ಎಚ್ಚರಗೊಳ್ಳುತ್ತದೆ. ಜನವರಿಯಲ್ಲಿ ಮಕರವಿಳಕ್ಕು ಮುಗಿದ ಮೇಲೆ ಅಲ್ಲಿನ ಅಂಚೆ ಕಚೇರಿ ಬಾಗಿಲು ಹಾಕುತ್ತದೆ, ಸಂಖ್ಯೆಯೂ ಮುಂದಿನ ಸಲದವರೆಗೆ ಸುಮ್ಮನಾಗುತ್ತದೆ. ಅದು ತೆರೆದಿರುವಷ್ಟು ದಿನ ಅಯ್ಯಪ್ಪಸ್ವಾಮಿಯ ಹೆಸರಿಗೇ ಟಪಾಲು ಬರುತ್ತದೆ: ಮದುವೆಯ ಕರೆಯೋಲೆ, ಗೃಹಪ್ರವೇಶದ ಆಮಂತ್ರಣ, ಕಾಣಿಕೆಯ ಮನಿಯಾರ್ಡರ್. ಅಲ್ಲಿಂದ ಹೊರಡುವ ಕಾಗದಗಳ ಮೇಲೆ ಅಯ್ಯಪ್ಪನ ಮೂರ್ತಿಯೂ ಹದಿನೆಂಟು ಮೆಟ್ಟಿಲೂ ಇರುವ ಮುದ್ರೆ ಬೀಳುತ್ತದೆ. ಆ ಮುದ್ರೆಗೆಂದೇ ಸ್ವಾಮಿಗಳು ತಮ್ಮ ಮನೆ ವಿಳಾಸಕ್ಕೆ ತಾವೇ ಕಾರ್ಡು ಬರೆದು ಹಾಕುತ್ತಾರೆ.

ಸುಪ್ರೀಂ ಕೋರ್ಟಿಗೆ 2019ರಲ್ಲಿ 110201 ಎಂಬ ಪ್ರತ್ಯೇಕ ಪಿನ್ ಸಿಕ್ಕಿತು. ಅಂಟಾರ್ಕ್ಟಿಕಾದ ಭಾರತಿ ಸಂಶೋಧನಾ ಕೇಂದ್ರದಲ್ಲಿ 2024ರ ಏಪ್ರಿಲ್‌ನಲ್ಲಿ ತೆರೆದ ಅಂಚೆ ಕಚೇರಿಗೂ ಪ್ರಯೋಗಕ್ಕೆಂದು ಒಂದು ಸಂಕೇತ ಕೊಟ್ಟರು. ಆದರೆ ಶಿವಮೊಗ್ಗದ ಕಾಡಂಚಿನ ಒಂದು ಊರೋ ರಾಯಚೂರಿನ ಒಂದು ತಾಂಡಾವೋ ಸ್ವಂತ ಪಿನ್ ಹೊಂದಿರುವುದು ಅಪರೂಪ. ಹತ್ತಾರು ಹಳ್ಳಿಗಳು ಹೋಬಳಿಯ ದೊಡ್ಡೂರಿನ ಸಂಖ್ಯೆಯನ್ನೇ ಹಂಚಿಕೊಂಡು ಬದುಕುತ್ತಿವೆ. ಇದಕ್ಕೆ ಕಾರಣ ಹುಡುಕಿದರೆ ಅಂಚೆಯ ಇಡೀ ನಡೆ ಕಣ್ಣಿಗೆ ಬೀಳುತ್ತದೆ.

ಪಿನ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಅಂಚೆ ಮತ್ತು ತಂತಿ ಮಂಡಳಿಯ ಹಿರಿಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿ, ನಾಟಕಕಾರರೂ ಹೌದು. ಅವರ ಮುಂದಿದ್ದ ತೊಡಕು ನಮಗೆ ಗೊತ್ತಿರುವಂಥದ್ದೇ. ಕರ್ನಾಟಕವೊಂದರಲ್ಲೇ ಎಷ್ಟು ಹೊಸಹಳ್ಳಿ, ಎಷ್ಟು ರಾಮಪುರ, ಎಷ್ಟು ಹೊಸೂರು! ಕನ್ನಡದಲ್ಲಿ ವಿಳಾಸ ಬರೆದ ಲಕೋಟೆ ನಾಗಪುರದಲ್ಲೋ ಕೋಲ್ಕತ್ತದಲ್ಲೋ ಬೇರೆ ಲಿಪಿಯವರ ಕೈಗೆ ಬಂದರೆ ಅವರು ಮಾಡುವುದೇನು? ಅಂಕಿಯಾದರೆ ಎಲ್ಲರೂ ಓದುತ್ತಾರೆ. ಅಂಕಿ ನೋಡಿಯೇ ಟಪಾಲನ್ನು ಸರಿಯಾದ ಚೀಲಕ್ಕೆ ಹಾಕಬಹುದು.

ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ವಲಯ. 1ರಿಂದ 8ರವರೆಗೆ ನೆಲದ ವಲಯಗಳು, 9 ಸೇನೆಯ ಅಂಚೆಗೆ ಮೀಸಲು. ಕೊಡಗಿನ, ಬೆಳಗಾವಿಯ ಎಷ್ಟೋ ಮನೆಗಳು 9ರಿಂದ ಶುರುವಾಗುವ ಸಂಖ್ಯೆಗೆ, ‘56 ಎಪಿಒ’ ಎಂಬ ವಿಳಾಸಕ್ಕೆ ಕಾಗದ ಬರೆದಿವೆ. ಮಗ ಯಾವ ಗಡಿಯಲ್ಲಿದ್ದಾನೆಂದು ಆ ಸಂಖ್ಯೆ ಹೇಳುವುದಿಲ್ಲ, ಆದರೆ ಕಾಗದ ಅವನಿಗೆ ತಲುಪುತ್ತದೆ. ಮೊದಲೆರಡು ಅಂಕಿ 56ರಿಂದ 59ರವರೆಗೆ ಇದ್ದರೆ ಅದು ಕರ್ನಾಟಕ. ಮೂರನೆಯದು ವಿಂಗಡಣೆಯ ಜಿಲ್ಲೆ, ಉಳಿದ ಮೂರು ಬಟವಾಡೆ ಮಾಡುವ ಅಂಚೆ ಕಚೇರಿ.

ಈ ವಿಂಗಡಣೆಯ ಜಿಲ್ಲೆ ಕಂದಾಯ ಜಿಲ್ಲೆಯಲ್ಲ. ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ನಾಲ್ಕಕ್ಕೂ 577 ಒಂದೇ. ಹಾವೇರಿಯೂ ಕಾರವಾರವೂ 581ರಲ್ಲಿ ಸೇರಿವೆ. ಒಂದು ಬಯಲುಸೀಮೆ, ಇನ್ನೊಂದು ಕಡಲ ತೀರ. ಇತ್ತ ಬಾಗಲಕೋಟೆ 1997ರಲ್ಲಿ ಜಿಲ್ಲೆಯಾಗುವ ಮೊದಲೇ 587 ಅದರ ಹೆಸರಿನಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದರೂ ಹೊಸಪೇಟೆ ಬಳ್ಳಾರಿಯ 583ನ್ನು ಬಿಡಲಿಲ್ಲ. ಅಂಚೆ ನೋಡುವುದು ಚೀಲ ಹೋಗುವ ದಾರಿಯನ್ನು. ರೈಲು ಎಲ್ಲಿ ನಿಲ್ಲುತ್ತದೆ, ಮೇಲ್ ಬಸ್ಸು ಎಲ್ಲಿಗೆ ತಿರುಗುತ್ತದೆ ಎಂಬುದು ಅದಕ್ಕೆ ಮುಖ್ಯ.

ಹಳ್ಳಿಗಳಿಗೆ ಸ್ವಂತ ಸಂಖ್ಯೆ ಸಿಗದಿರುವುದೂ ಇದೇ ಕಾರಣಕ್ಕೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಅಂಚೆ ಕಚೇರಿಗಳಿವೆ. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ ಇವೆ. ಪಿನ್‌ಗಳು ಮಾತ್ರ ಸುಮಾರು 19,000. ಪಿನ್ ಸಿಗುವುದು ಮುಖ್ಯ ಅಥವಾ ಉಪ ಅಂಚೆ ಕಚೇರಿಗೆ. ಹಳ್ಳಿಯಲ್ಲಿರುವುದು ಅದರ ಕೆಳಗಿನ ಶಾಖಾ ಅಂಚೆ ಕಚೇರಿ. ಅನೇಕ ಕಡೆ ಅದು ಪೋಸ್ಟ್ ಮಾಸ್ತರರ ಮನೆಯ ಜಗಲಿಯೋ ಮುಂಭಾಗದ ಕೋಣೆಯೋ ಆಗಿರುತ್ತದೆ. ಗ್ರಾಮೀಣ ಡಾಕ್ ಸೇವಕರೆಂದು ಕರೆಸಿಕೊಳ್ಳುವ ಇವರಿಗೆ ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂದು ಲೆಕ್ಕ. ಕಾಯಂ ನೌಕರರ ಸ್ಥಾನಮಾನ ಇವರಿಗಿಲ್ಲ. ಆದರೂ ವೃದ್ಧಾಪ್ಯ ವೇತನದಿಂದ ಹಿಡಿದು ಉಳಿತಾಯ ಖಾತೆಯವರೆಗೆ ಊರಿನ ಹಣಕಾಸು ಇವರ ಕೈಯಲ್ಲೇ ಓಡಾಡುತ್ತದೆ.

ಉಪ ಕಚೇರಿಗೆ ಬಂದ ಚೀಲವನ್ನು ಬಿಚ್ಚಿ, ಪ್ರತಿ ಶಾಖೆಗೂ ಬೇರೆ ಬೇರೆಯಾಗಿ ಕಟ್ಟಿ ಕಳುಹಿಸುತ್ತಾರೆ. ಆ ಹಂತದಲ್ಲಿ ಪಿನ್‌ನ ಕೆಲಸ ಮುಗಿದಿರುತ್ತದೆ. ಅಲ್ಲಿಂದ ಮುಂದೆ ದಾರಿ ತೋರುವುದು ವಿಳಾಸದ ಇನ್ನೊಂದು ಸಾಲು. ನಮ್ಮ ಹಿರಿಯರು ಕಾರ್ಡಿನ ಮೇಲೆ ತಪ್ಪದೆ ಬರೆಯುತ್ತಿದ್ದ ಸಾಲು ಅದು: ಊರಿನ ಹೆಸರು, ‘ಅಂಚೆ’ ಎಂದು ಬರೆದು ಶಾಖೆಯ ಹೆಸರು, ಆಮೇಲೆ ‘ತಾ||’, ‘ಜಿ||’. ಕಾಗದ ಮಾತ್ರ ಓಡಾಡುತ್ತಿದ್ದ ಕಾಲಕ್ಕೆ ಈ ಏರ್ಪಾಡು ಚೆನ್ನಾಗಿಯೇ ಇತ್ತು. ಅಂಚೆಯಣ್ಣನಿಗೆ ಮನೆ ಗೊತ್ತು, ಮನೆಯವರಿಗೆ ಅಂಚೆಯಣ್ಣ ಗೊತ್ತು.

ಈಗ ಪಿನ್ ಕಾಗದದ ಆಚೆಗೆ ಬೆಳೆದಿದೆ. ಮೊಬೈಲಿನಲ್ಲಿ ಸಾಮಾನು ತರಿಸಲು ಹೊರಟರೆ ಮೊದಲು ಕೇಳುವುದೇ ಪಿನ್. ಅದನ್ನು ಒತ್ತಿದ ಕೂಡಲೇ ಊರಿನ ಜಾಗದಲ್ಲಿ ದೊಡ್ಡೂರಿನ ಹೆಸರು ತಾನಾಗಿ ಬಂದು ಕೂರುತ್ತದೆ. ಸಾಲದ ಅರ್ಜಿ, ವಿಮೆ, ಪರೀಕ್ಷಾ ಕೇಂದ್ರದ ಆಯ್ಕೆ ಎಲ್ಲಕ್ಕೂ ಅದೇ ಸಂಖ್ಯೆ. ಒಂದೇ ಪಿನ್‌ನಲ್ಲಿ ರಸ್ತೆ ಬದಿಯ ಪೇಟೆಯೂ ಇರುತ್ತದೆ, ಹೊಳೆಯಾಚೆ ಇಪ್ಪತ್ತು ಕಿಲೋಮೀಟರು ದೂರದ ಹಳ್ಳಿಯೂ ಇರುತ್ತದೆ. ಕೊರಿಯರ್ ಕಂಪನಿ ‘ಈ ಪಿನ್‌ಗೆ ತಲುಪಿಸುತ್ತೇವೆ’ ಎಂದು ಒಪ್ಪಿಕೊಂಡರೂ ಪೇಟೆಯ ಅಂಗಡಿಯಲ್ಲಿ ಪೊಟ್ಟಣ ಇಟ್ಟು ‘ಬಂದು ತಗೊಳ್ಳಿ’ ಎಂದು ಫೋನು ಮಾಡುವುದು ಹಳ್ಳಿಯವರಿಗೆ ಹೊಸತಲ್ಲ. ತಲುಪಿಸಲಾಗದು ಎಂದರೆ ಇಡೀ ಪಿನ್‌ಗೇ ಬಾಗಿಲು ಮುಚ್ಚುತ್ತದೆ.

ಸಣ್ಣ ಜಾಗಕ್ಕೆ ಸ್ವಂತ ಸಂಖ್ಯೆ ಕೊಡಬಾರದೆಂಬ ನಿಯಮವೇನೂ ಇಲ್ಲ. ಮಣಿಪಾಲಕ್ಕೆ 576104 ಇದೆ, ಧರ್ಮಸ್ಥಳಕ್ಕೆ 574216, ಆಗುಂಬೆಗೆ 577411. ವಿಶ್ವವಿದ್ಯಾಲಯ, ಕ್ಷೇತ್ರ, ಘಟ್ಟದ ತಲೆಯ ಊರು. ಮೂರಕ್ಕೂ ಬಟವಾಡೆಯ ಕಚೇರಿ ಇದೆ, ಹಾಗಾಗಿ ಪಿನ್ ಇದೆ. ಶಾಖೆಯೊಂದು ಉಪ ಕಚೇರಿಯ ದರ್ಜೆಗೆ ಏರಬೇಕಾದರೆ ಕೆಲಸದ ಒತ್ತಡ, ಆದಾಯ ಎಲ್ಲ ಲೆಕ್ಕಕ್ಕೆ ಬರುತ್ತವೆ. ಚಿಕ್ಕ ಹಳ್ಳಿ ಈ ಲೆಕ್ಕದಲ್ಲಿ ಗೆಲ್ಲುವುದು ಕಷ್ಟ. ಆದ್ದರಿಂದ ಸಂಖ್ಯೆಯನ್ನು ದರ್ಜೆಯಿಂದ ಬಿಡಿಸಿ, ಪ್ರತಿ ಶಾಖಾ ಅಂಚೆ ಕಚೇರಿಗೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 1ರಿಂದ 8ರವರೆಗಿನ ವಲಯಗಳಲ್ಲಿ ಆರಂಕಿಯ ಎಂಟು ಲಕ್ಷ ಸಂಖ್ಯೆಗಳಿಗೆ ಜಾಗವಿದೆ. ಹಂಚಿಕೆಯಲ್ಲಿ ಕೆಲವು ಸರಣಿಗಳು ತುಂಬಿಹೋದರೆ ಕೊನೆಗೆ ಇನ್ನೆರಡು ಅಂಕಿ ಸೇರಿಸಬಹುದು. ಕೈಯಿಂದ ವಿಂಗಡಿಸುವ ಕಾಲದಲ್ಲಿ ಇದು ಆಗದ ಮಾತಾಗಿತ್ತು. ಸಂಖ್ಯೆ ಹೆಚ್ಚಿದಷ್ಟೂ ಗೂಡುಗಳು ಹೆಚ್ಚು, ಚೀಲಗಳು ಹೆಚ್ಚು. ಈಗ ಪಾರ್ಸೆಲ್ಲಿಗೆ ಬಾರ್‌ಕೋಡ್ ಇದೆ, ದರ್ಪಣ ಯೋಜನೆಯಲ್ಲಿ ಶಾಖಾ ಕಚೇರಿಗೂ ಕೈಯಲ್ಲಿ ಹಿಡಿಯುವ ಯಂತ್ರ ಬಂದಿದೆ. ಚೀಲ ಮೊದಲಿನಂತೆ ಉಪ ಕಚೇರಿಗೇ ಹೋಗಲಿ, ಹಳ್ಳಿಯನ್ನು ಗುರುತಿಸುವ ಕೆಲಸ ಯಂತ್ರ ಮಾಡಲಿ.

ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಇನ್ನೊಂದು ದಾರಿ ತೆರೆಯಿತು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ರೂಪಿಸಿದ ‘ಡಿಜಿಪಿನ್’ ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕಕ್ಕೂ ಅಂಕಿ ಅಕ್ಷರ ಬೆರೆತ ಹತ್ತು ಗುರುತಿನ ಸಂಕೇತ ಕೊಡುತ್ತದೆ. ಗದ್ದೆಯ ನಡುವಿನ ಒಂಟಿ ಮನೆಗೆ ಆಂಬುಲೆನ್ಸ್ ಕರೆಸಲು ಇದರಂಥ ಸಾಧನ ಬೇಕೇ ಬೇಕು. ಆದರೆ ಅದು ಗುರುತಿಸುವುದು ಒಂದು ಚೌಕವನ್ನು. ಹಳ್ಳಿ ಎಂಬ ಒಟ್ಟು ಸಮುದಾಯ ಅದರಲ್ಲಿ ಕಾಣಿಸುವುದಿಲ್ಲ.

ಈ ವ್ಯತ್ಯಾಸದ ತೂಕ ತಾಂಡಾ, ಹಟ್ಟಿ, ಹಾಡಿಗಳಲ್ಲಿ ತಿಳಿಯುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ಜನವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಮನೆಯ ನೆಲ ದಾಖಲೆಗೆ ಬಂತು, ಊರಿಗೆ ಸರ್ಕಾರಿ ಹೆಸರು ಬಂತು. ಕಂದಾಯ ಇಲಾಖೆ ಮಾಡಿದ ಆ ಕೆಲಸವನ್ನು ಅಂಚೆ ಇಲಾಖೆಯೂ ಮುಂದುವರಿಸಬೇಕು. ಹೊಸ ಗ್ರಾಮಗಳನ್ನು ಯಾವ ಶಾಖೆಗೆ ಸೇರಿಸಬೇಕು, ಎಲ್ಲಿ ಹೊಸ ಶಾಖೆ ಬೇಕು ಎಂದು ಗ್ರಾಮ ಪಂಚಾಯಿತಿಗಳು ಆಯಾ ವಿಭಾಗದ ಅಂಚೆ ಅಧೀಕ್ಷಕರಿಗೆ ಬರೆದು ಕೇಳಬೇಕು.

ಅದಾಗುವವರೆಗೆ ಹಳ್ಳಿಯ ವಿಳಾಸ ಬರೆಯುವಾಗ, ನಮೂನೆಯಲ್ಲಿ ಕೇಳದಿದ್ದರೂ, ಊರಿನ ಕೆಳಗೆ ಶಾಖಾ ಅಂಚೆಯ ಹೆಸರಿಗೆ ಒಂದು ಸಾಲು ಬಿಡಿ. ಶಾಖೆ ಯಾವುದೆಂದು ಗೊತ್ತಿಲ್ಲದಿದ್ದರೆ ಅಂಚೆ ಇಲಾಖೆಯ ಜಾಲತಾಣದಲ್ಲಿ ಪಿನ್ ಹಾಕಿ ನೋಡಬಹುದು, ಇಲ್ಲವೇ ಊರಿನ ಅಂಚೆಯವರನ್ನೇ ಕೇಳಬಹುದು.