ನೋತ್ರ್ ದಾಮ್ ಮಂದಿರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದರೆ ಹಳೆಯದನ್ನು ಕೆಡವಿ ಅದರ ಹೆಸರಿನಲ್ಲಿ ಹೊಸದೊಂದನ್ನು ಕಟ್ಟುವುದೆಂಬ ತಪ್ಪು ಭಾವನೆ ನಮ್ಮಲ್ಲಿ ಅನೇಕರಿಗಿರುವುದು. ಪ್ಯಾರಿಸ್ ನಗರದ ನೋತ್ರ್ ದಾಮ್ ಇಗರ್ಜಿಯ ವೃತ್ತಾಂತವು ಈ ಭಾವನೆಯನ್ನು ತಿದ್ದತಕ್ಕುದಾಗಿದೆ.

1163ರ ಸುಮಾರಿಗೆ ಕಟ್ಟಲಾರಂಭಿಸಿದ ಈ ಮಂದಿರಕ್ಕೆ 2019ನೆಯ ಇಸವಿ ಏಪ್ರಿಲ್ 15ರ ಸಾಯಂಕಾಲ ಬೆಂಕಿ ತಗಲಿ, ಮಾಡಿನ ಓಕ್ ಮರದ ತೊಲೆಗಳು ಭಸ್ಮವಾದವು. ನೆಲದಿಂದ 96 ಮೀಟರ್ ಎತ್ತರವಿದ್ದ ಮರದ ಶಿಖರವು ಉರಿಯುತ್ತಲೇ ಮುರಿದುಬಿದ್ದು, ಕೆಳಗಣ ಕಲ್ಲಿನ ಕಮಾನುಚಾವಣಿಯನ್ನು ಭೇದಿಸಿತು. ಗೋಡೆಗಳೂ ಮುಂಭಾಗದ ಎರಡು ಗೋಪುರಗಳೂ ಉಳಿದು ನಿಂತವು.

ಕೂಡಲೆ ಒಂದು ವಾದವೆದ್ದಿತು. ಬಿದ್ದ ಶಿಖರವು ಮೂಲದ್ದಲ್ಲ. ಮಧ್ಯಯುಗದ ಶಿಖರವನ್ನು 18ನೆಯ ಶತಮಾನದ ಕೊನೆಯಲ್ಲಿ ಇಳಿಸಿದ್ದು, ಇದು ವಿಯೊಲೆ-ಲ-ದ್ಯುಕ್ ಎಂಬ ಶಿಲ್ಪಿಯು 1859ರಲ್ಲಿ ನಿಲ್ಲಿಸಿದ್ದು. ಆದುದರಿಂದ ನಮ್ಮ ಕಾಲದ ಶಿಖರವನ್ನೇ ಏಕೆ ಕಟ್ಟಬಾರದೆಂದು ಕೆಲವರು ಕೇಳಿದರು. 2020ರ ಜುಲೈಯಲ್ಲಿ ಹಳೆಯ ರೂಪವೇ ಇರಲೆಂದು ನಿರ್ಣಯವಾಯಿತು. ಈ ನಿರ್ಣಯವು ಯೋಗ್ಯವೆಂದೇ ನಮ್ಮ ಅಭಿಪ್ರಾಯ. ಪುರಾತನ ಮಂದಿರವು ಹೊಸ ಶಿಲ್ಪಿಯ ಕೀರ್ತಿಗೆ ಮೀಸಲಾದ ಬಯಲಲ್ಲ.

ಆದರೆ ಹಳೆಯ ರೂಪವು ಬೇಕೆಂದ ಮಾತ್ರಕ್ಕೆ ಬರುವುದಿಲ್ಲ. ಮೊದಲು 28 ಆನಿಕೆಯ ಕಮಾನುಗಳ ಕೆಳಗೆ ಮರದ ಅಚ್ಚುಗಳನ್ನಿಟ್ಟು ಗೋಡೆಗಳನ್ನು ಭದ್ರಪಡಿಸಬೇಕಾಯಿತು. ದುರಸ್ತಿಗೆಂದು ಮುಂಚೆಯೇ ಕಟ್ಟಿದ್ದ ಸಾರುವೆಯ ಸುಮಾರು 40,000 ಉಕ್ಕಿನ ಕೊಳವೆಗಳು ಬೆಂಕಿಯಲ್ಲಿ ಸೊಟ್ಟಾಗಿ ಒಂದಕ್ಕೊಂದು ಬೆಸೆದುಕೊಂಡಿದ್ದುದರಿಂದ ಅವನ್ನು ಮೆಲ್ಲಗೆ ಕತ್ತರಿಸಿ ಇಳಿಸಿದರು. ಕಾವಿನಿಂದ ಸತ್ವಗುಂದಿದ ಕಲ್ಲನ್ನು ತೆಗೆದು, ಗುಣದಲ್ಲಿ ಹಳೆಯದಕ್ಕೆ ಹೊಂದುವ ಸುಣ್ಣಗಲ್ಲನ್ನು ಭೂಗರ್ಭಶಾಸ್ತ್ರಜ್ಞರ ನೆರವಿನಿಂದ ಆರಿಸಿದರು. ಸುಮಾರು 2,000 ಓಕ್ ಮರಗಳು ಬೇಕಾದವು. ಮಾಡಿನ ಹಸಿಮರದ ತೊಲೆಗಳನ್ನು ಬಡಗಿಗಳು ಪೂರ್ವಿಕರಂತೆ ಕೊಡಲಿಯಿಂದಲೇ ಕೆತ್ತಿದರು.

ಇದೆಲ್ಲ ಸಾಧ್ಯವಾದುದು ಎರಡು ಕಾರಣಗಳಿಂದ. ಮಾಡಿನ ಪ್ರತಿಯೊಂದು ತೊಲೆಯ ಅಳತೆಯನ್ನೂ ಇಬ್ಬರು ಶಿಲ್ಪಿಗಳು 2014ರ ಸುಮಾರಿಗೇ ತೆಗೆದಿಟ್ಟಿದ್ದರು. ಅದಕ್ಕೆ ಹಿಂದೆ ಆಂಡ್ರ್ಯೂ ಟ್ಯಾಲನ್ ಎಂಬ ವಿದ್ವಾಂಸನು ಲೇಸರ್ ಕಿರಣದಿಂದ ಮಂದಿರವನ್ನೆಲ್ಲ ಅಳೆದಿದ್ದನು. ಎರಡನೆಯದಾಗಿ, ಕೊಡಲಿ ಹಿಡಿಯಬಲ್ಲ ಬಡಗಿಯೂ ಉಳಿ ಹಿಡಿಯಬಲ್ಲ ಕಲ್ಲುಕುಟಿಗನೂ ಆ ದೇಶದಲ್ಲಿ ಇನ್ನೂ ಇದ್ದರು. ಸುಮಾರು 150 ದೇಶಗಳ 3,40,000 ದಾನಿಗಳು 80 ಕೋಟಿಗೂ ಮಿಕ್ಕಿದ ಯೂರೋಗಳನ್ನು ಕೊಟ್ಟರು. ಆದರೆ ಇಲ್ಲದ ಅಳತೆಯನ್ನೂ ಅಳಿದ ಕಸುಬನ್ನೂ ಹಣವು ಹುಟ್ಟಿಸಲಾರದು.

2024ರ ಡಿಸೆಂಬರ್ 7ರಂದು ಮಂದಿರದ ಬಾಗಿಲು ಪುನಃ ತೆರೆಯಿತು. ಪ್ರಾಚೀನ ಕಟ್ಟಡಗಳ ಹೊಣೆ ಹೊತ್ತ ನಮ್ಮ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಅಳತೆಯನ್ನು ಇಂದೇ ತೆಗೆದಿಡಿರಿ, ಕಸುಬುದಾರನಿಗೆ ಇಂದೇ ಕೆಲಸ ಕೊಡಿರಿ. ಬೆಂಕಿ ಬಿದ್ದ ಮೇಲೆ ಇವೆರಡನ್ನೂ ಹುಡುಕಿದರೆ ದೊರೆಯವು.