ತೆರೆಯ ಮೇಲೆ ಹತ್ತು ಸೆಕೆಂಡು, ಗಲ್ಲಾಪೆಟ್ಟಿಗೆ ಮುಂದೆ ಹತ್ತು ನಿಮಿಷ

ವಿಲನ್ನು ಬಾಗಿಲ ಹೊರಗಿದ್ದಾನೆ. ಬೂಟಿನ ಸದ್ದು ಟಕ್ ಟಕ್. ಒಳಗೆ ಹೀರೋ ಅವನ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ ನಿಂತಿದ್ದಾನೆ. ಪರದೆ ಮೇಲೆ ಹಸಿರು ಪಟ್ಟಿ ಓಡುತ್ತಿದೆ. ಎಂಬತ್ತು, ತೊಂಬತ್ತು, ತೊಂಬತ್ತೊಂಬತ್ತು... ಬಾಗಿಲ ಹಿಡಿ ತಿರುಗಿತು. ನೂರು! ವಿಲನ್ನಿನ ಇಪ್ಪತ್ತು ವರ್ಷದ ಪಾಪದ ಲೆಕ್ಕವೆಲ್ಲ ಹತ್ತೇ ಸೆಕೆಂಡಿನಲ್ಲಿ ಹೀರೋನ ಜೇಬಿಗೆ. ಗಾಂಧಿ ಕ್ಲಾಸಿನಿಂದ ಸೀಟಿಯೋ ಸೀಟಿ.

ಸೀಟಿ ಹೊಡೆದ ಅದೇ ಹುಡುಗ ಆಟ ಬಿಟ್ಟ ಮೇಲೆ ನಮ್ಮ ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ತಿಂದು ನಲವತ್ತು ರೂಪಾಯಿಗೆ ಫೋನ್ ಹಿಡಿಯುತ್ತಾನೆ. ಚಕ್ರ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ಹಿಂದೆ ಆರು ಜನ ಗಿರಾಕಿಗಳು. ಹೊರಡುವ ಬಸ್ಸು ಹಾರನ್ ಹೊಡೆಯುತ್ತಿದೆ.

"ದುಡ್ಡು ಕಟ್ ಆಗೈತಿ ನೋಡ್ರಿ ಅಣ್ಣಾ."

"ಕಟ್ ಆಗಿದ್ರ ನಮ್ಮ ಬಾಕ್ಸ್ ಕೂಗಬೇಕಿತ್ತಲ್ಲಪ್ಪ."

"ಹಂಗಾರೆ ನಾನೇನ್ ಸುಳ್ ಹೇಳ್ತೀನೇನ್ರಿ?"

ಇಂಥ ಮಾತು ಊರಿನ ಯಾವ ಅಂಗಡಿ ಮುಂದೆ ನಿಂತರೂ ದಿನಕ್ಕೆ ನಾಲ್ಕು ಸಲ ಕೇಳುತ್ತದೆ. ಮಜಾ ಏನೆಂದರೆ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಸುಳ್ಳು ಹೇಳಿರುವುದು ಸಿನಿಮಾ. ಇಂಟರ್ನೆಟ್ಟು ಅಂದರೆ ಒತ್ತಿದ ಕೂಡಲೇ ಆಗುವಂಥದ್ದು, ಆಗಲಿಲ್ಲವೆಂದರೆ ಎದುರಿಗೆ ಇರುವವನು ಕಳ್ಳ ಇಲ್ಲವೇ ದಡ್ಡ, ಎಂದು ನಮ್ಮ ತಲೆಗೆ ತುಂಬಿದ್ದು ಅದೇ.

ಹೀರೋನ ಪೆನ್‌ಡ್ರೈವನ್ನೇ ಲೆಕ್ಕಕ್ಕೆ ಹಿಡಿಯೋಣ. 64 ಜಿಬಿಯದ್ದು ಅಂತಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಅಗ್ಗದ ಮಾಲು ಸೆಕೆಂಡಿಗೆ 10 ಮೆಗಾಬೈಟ್ ಬರೆದುಕೊಂಡರೆ ಪುಣ್ಯ. ಆ ಲೆಕ್ಕದಲ್ಲಿ ಪೂರ್ತಿ ತುಂಬಲು 6,400 ಸೆಕೆಂಡು, ಅಂದರೆ ಒಂದೂ ಮುಕ್ಕಾಲು ಗಂಟೆ ಚಿಲ್ಲರೆ. ವಿಲನ್ನು ಒಳಗೆ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದರೂ ಹೀರೋ ಪರದೆ ಹಿಂದೆ ನಿಂತೇ ಇರಬೇಕು. ಇಂಟರ್ವಲ್ಲೇ ಮುಗಿದು ಹೋಗುತ್ತದೆ.

ಈ ಚಾಳಿ ಶುರು ಮಾಡಿದ್ದು ನಮ್ಮವರಲ್ಲ, ಹಾಲಿವುಡ್ಡಿನವರು. 1996ರ 'ಮಿಷನ್ ಇಂಪಾಸಿಬಲ್' ನೋಡಿ. ಟಾಮ್ ಕ್ರೂಸ್ ಹಗ್ಗ ಕಟ್ಟಿಕೊಂಡು ಚಾವಣಿಯಿಂದ ಇಳಿದು ಸಿಐಎ ಕಂಪ್ಯೂಟರಿನಿಂದ ಗೂಢಚಾರರ ಪಟ್ಟಿ ಕದಿಯುತ್ತಾನೆ. ಬೆವರ ಹನಿ ನೆಲಕ್ಕೆ ಬಿದ್ದರೂ ಅಲಾರಂ. ಬೆವರು ಒಂದು ಕಡೆ, ಡಿಸ್ಕಿನ ಲೆಕ್ಕ ಒಂದು ಕಡೆ. ಅಲ್ಲಿಂದ ಈಚೆಗೆ ಆ ಓಡುವ ಪಟ್ಟಿ ಸಿನಿಮಾದ ಟೈಂಬಾಂಬ್ ಆಗಿಹೋಯಿತು. ಅದೇ ವರ್ಷ ಬಂದ 'ಇಂಡಿಪೆಂಡೆನ್ಸ್ ಡೇ' ಇನ್ನೂ ಒಂದು ಕೈ ಮೇಲೆ. ಬೇರೆ ಗ್ರಹದಿಂದ ಬಂದವರ ಹಡಗಿನೊಳಕ್ಕೆ ಒಬ್ಬ ತನ್ನ ಲ್ಯಾಪ್‌ಟಾಪಿನಿಂದ ವೈರಸ್ ಕಳಿಸಿಯೇ ಬಿಡುತ್ತಾನೆ! ಇಲ್ಲಿ ಹೊಸ ಪ್ರಿಂಟರ್ ತಂದರೆ ಅದಕ್ಕೂ ಕಂಪ್ಯೂಟರಿಗೂ ಮಾತು ಕೂಡಿಸಲು ಅಂಗಡಿ ಹುಡುಗನೇ ಎರಡು ಸಲ ಬರಬೇಕು.

ಆ ಚಿತ್ರ ಅಮೆರಿಕದಲ್ಲಿ ತೆರೆ ಕಂಡಾಗ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿ ವರ್ಷವೂ ತುಂಬಿರಲಿಲ್ಲ. ವಿಎಸ್‌ಎನ್‌ಎಲ್‌ನವರು ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು. ಟೆಲಿಫೋನ್ ಲೈನಿನ ಮೇಲೆ 9.6 ಕಿಲೋಬಿಟ್ ವೇಗ. ಈಗ ಮೊಬೈಲಿನಲ್ಲಿ ಇಳಿಸುವ 2 ಜಿಬಿ ಸಿನಿಮಾ ಒಂದನ್ನು ಆ ಲೈನಿನಲ್ಲಿ ಇಳಿಸಿದ್ದರೆ ಎಷ್ಟು ಹೊತ್ತು? ಹಗಲೂ ರಾತ್ರಿ ಲೈನು ಕಟ್ಟಾಗದಿದ್ದರೆ ಹತ್ತೊಂಬತ್ತು ದಿನ. ಹಳೇ ಥಿಯೇಟರಿನಲ್ಲಿ ಫ್ಲಾಪ್ ಪಿಕ್ಚರ್ ಕೂಡ ಅಷ್ಟು ದಿನ ಓಡುತ್ತಿತ್ತೋ ಇಲ್ಲವೋ.

ನ್ಯಾಯ ಹೇಳಬೇಕೆಂದರೆ ಎಲ್ಲ ಸಿನಿಮಾದವರೂ ಕಣ್ಣಿಗೆ ಮಣ್ಣೆರಚಿಲ್ಲ. 1983ರ 'ವಾರ್ ಗೇಮ್ಸ್'ನಲ್ಲಿ ಹುಡುಗ ಫೋನಿನ ರಿಸೀವರನ್ನೇ ಮೋಡೆಮ್ಮಿನ ಮೇಲೆ ಕೂರಿಸುತ್ತಾನೆ. ಕಂಪ್ಯೂಟರು ನಂಬರಾದ ಮೇಲೆ ನಂಬರು ತಿರುಗಿಸುತ್ತಾ ಹೋಗುತ್ತದೆ. ಅಂಥ ಮೋಡೆಮ್ಮಿಗೆ ಆ ಕಾಲದಲ್ಲಿ ಸೆಕೆಂಡಿಗೆ 300 ಬಿಟ್ ಸಾಮಾನ್ಯ, ಅಂದರೆ ಮೂವತ್ತು ಅಕ್ಷರ. 1998ರ 'ಯು ಹ್ಯಾವ್ ಗಾಟ್ ಮೇಲ್'ನಲ್ಲಿ ಪ್ರೇಮಿಗಳ ಪತ್ರಕ್ಕೆ ಮುಂಚೆ ಆ ಕೀ... ಕರ್ರ್... ಎನ್ನುವ ಡಯಲ್ ಸದ್ದು ಕೇಳುತ್ತದೆ. ನೋಡುವವನೂ ಮನೆಯಲ್ಲಿ ಅದೇ ಸದ್ದು ಕೇಳಿ ಕಾದವನು. ಅವನಿಗೆ ಸುಳ್ಳು ಹೇಳುವ ಹಾಗಿರಲಿಲ್ಲ.

ಇನ್ನು ಆ ಹಸಿರು ಪಟ್ಟಿಯ ಗುಟ್ಟು. ಬಹುಪಾಲು ಸಿನಿಮಾಗಳಲ್ಲಿ ನಟ ಕೂತಿರುವ ಕಂಪ್ಯೂಟರು ಏನೂ ಮಾಡುತ್ತಿರುವುದಿಲ್ಲ. ಮೊದಲೇ ಬರೆದಿಟ್ಟ ಚಿತ್ರವನ್ನು ಪರದೆ ಮೇಲೆ ಓಡಿಸುತ್ತಾರೆ. ಅವನು ಯಾವ ಕೀ ಕುಟ್ಟಿದರೂ ಬರುವ ಅಕ್ಷರ ಅದೇ. ದೃಶ್ಯಕ್ಕೆ ಹತ್ತು ಸೆಕೆಂಡು ಬೇಕೆಂದರೆ ಪಟ್ಟಿಗೂ ಹತ್ತು ಸೆಕೆಂಡು. ತಪ್ಪೇನಿಲ್ಲ, ಕಥೆ ಓಡಬೇಕಲ್ಲ. ಸಿನಿಮಾದಲ್ಲಿ ಯಾರಾದರೂ ಬಸ್ಸಿಗೆ ಚಿಲ್ಲರೆ ಎಣಿಸಿದ್ದು ಕಂಡಿದ್ದೀರಾ?

ಆದರೆ ಇದೇ ಸಿನಿಮಾ ಥಿಯೇಟರಿಗೆ ಬರುವ ಬಗೆ ಕೇಳಿದರೆ ನಗು ಬರುತ್ತದೆ. ಮೊದಲು ರೀಲಿನ ಡಬ್ಬಗಳು ಬಸ್ಸಿನ ಟಾಪಿನ ಮೇಲೆ, ರೈಲಿನ ಪಾರ್ಸಲ್ಲಿನಲ್ಲಿ ಬರುತ್ತಿದ್ದವು. ಡಬ್ಬ ತಡವಾದರೆ ಆಟ ತಡ. ಈಗ ಡಬ್ಬ ಇಲ್ಲ. ಚಿತ್ರವೇ ಒಂದು ಕಂಪ್ಯೂಟರ್ ಕಡತ, ನೂರು, ಇನ್ನೂರು ಜಿಬಿ ತೂಕದ್ದು. ಇನ್ನೂರು ಜಿಬಿಯನ್ನು 100 ಮೆಗಾಬಿಟ್ ಲೈನಿನಲ್ಲಿ ತರಿಸಿದರೆ, ಒಂದು ಕ್ಷಣ ಬಿಡದೆ ಪೂರ್ತಿ ವೇಗ ಸಿಕ್ಕರೂ, ನಾಲ್ಕೂವರೆ ಗಂಟೆ ಹತ್ತಿರ. ಆದ್ದರಿಂದ ಒಂದೋ ಹಾರ್ಡ್ ಡಿಸ್ಕಿನಲ್ಲಿ ತುಂಬಿ ಕಳಿಸುತ್ತಾರೆ, ಇಲ್ಲವೇ ಉಪಗ್ರಹದಿಂದ ಮುಂಚಿತವಾಗಿಯೇ ಇಳಿಸಿಟ್ಟಿರುತ್ತಾರೆ. ಅದಾದ ಮೇಲೂ ಬೀಗ ಇದೆ. ಇಂಥ ಥಿಯೇಟರು, ಇಂಥ ತಾರೀಖು ಎಂದು ಬರೆದ ಒಂದು ಡಿಜಿಟಲ್ ಬೀಗದಕೈ ಬೇರೆ ಬರಬೇಕು. ಅದು ಚಿಕ್ಕದು, ಈಮೇಲಿನಲ್ಲಿ ಬಂದು ಬೀಳುತ್ತದೆ. ಅದು ಬರದಿದ್ದರೆ ಇನ್ನೂರು ಜಿಬಿ ಒಳಗಿದ್ದೂ ಪರದೆ ಕಪ್ಪು! ಹತ್ತು ಸೆಕೆಂಡಿನ ಡೌನ್‌ಲೋಡ್ ತೋರಿಸುವ ಚಿತ್ರವೇ ಹಾರ್ಡ್ ಡಿಸ್ಕಿನಲ್ಲಿ ಕೂತು ಪ್ರಯಾಣ ಮಾಡಿ ಬಂದಿರುತ್ತದೆ.

ಈ ಬೀಗದಕೈ ವಿಷಯ ನೆನಪಿಡಿ, ನಮ್ಮ ಅಂಗಡಿಗೂ ಅದೇ ಬರುತ್ತದೆ. ಅದಕ್ಕೆ ಮುಂಚೆ ಕಂಪನಿಯವರ ಒಂದು ಕೈಚಳಕ ಹೇಳಿಬಿಡುತ್ತೇನೆ. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ '100 ಎಂಬಿಪಿಎಸ್ ವರೆಗೆ' ಎಂದಿರುತ್ತದೆ. ಅದು ಮೆಗಾಬಿಟ್. ನಾವು ಸಿನಿಮಾ, ಫೋಟೋ ಅಳೆಯುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಹಾಗಾಗಿ ನೂರು ಅಂದದ್ದು ನಮ್ಮ ಕೈಗೆ ಬರುವಾಗ ಹನ್ನೆರಡೂವರೆ. ಎಂಟರಿಂದ ಭಾಗಿಸುವುದಕ್ಕೆ ಪಿಯುಸಿ ಪಾಸಾಗಬೇಕಿಲ್ಲ, ಈ ಬಾತ್ಮೀದಾರನೂ ಅದನ್ನು ಅರ್ಧಕ್ಕೆ ಬಿಟ್ಟವನೇ. ಆಮೇಲೆ ಆ 'ವರೆಗೆ' ಎಂಬ ಪದ. ಒಂದೇ ಪೈಪಿಗೆ ನಲವತ್ತು ಮನೆ ನಲ್ಲಿ ಹಾಕಿದರೆ ಬೆಳಗ್ಗೆ ಆರಕ್ಕೆ ನೀರು ಹೇಗೆ ಬರುತ್ತದೆ? ಮೊಬೈಲ್ ಟವರೂ ಹಾಗೇ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಾವಿರ ಜನ ಒಟ್ಟಿಗೆ ರೀಲ್ಸ್ ನೋಡುತ್ತಾ ನಿಂತರೆ ಎಲ್ಲರಿಗೂ ಸಣ್ಣ ಧಾರೆ. 2 ಜಿಬಿ ಸಿನಿಮಾ 100 ಮೆಗಾಬಿಟ್ಟಿನಲ್ಲಿ ಮೂರು ನಿಮಿಷದೊಳಗೆ ಇಳಿಯಬೇಕು. ಸಂಜೆ ಹೊತ್ತಿಗೆ ವೇಗ 5ಕ್ಕೆ ಇಳಿದರೆ ಅದೇ ಸಿನಿಮಾಕ್ಕೆ ಐವತ್ತಮೂರು ನಿಮಿಷ. ಇನ್ನು ಸರ್ಕಾರದ ಲೆಕ್ಕ ಬೇಕೇ? 2004ರಲ್ಲಿ 256 ಕಿಲೋಬಿಟ್ ಇದ್ದರೂ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು. 2 ಮೆಗಾಬಿಟ್ಟಾದರೂ ಇರಬೇಕು ಎಂದು ತಿದ್ದಿದ್ದು 2023ರ ಜನವರಿಯಲ್ಲಿ. ಆ ಹೊತ್ತಿಗೆ ದೇಶದಲ್ಲಿ 5ಜಿ ಉದ್ಘಾಟನೆಯೂ ಆಗಿಹೋಗಿತ್ತು.

ಸಿನಿಮಾದಲ್ಲಿ ಇಂಟರ್ನೆಟ್ಟೆಂದರೆ ಆಕಾಶದಲ್ಲಿ ತಿರುಗುವ ಸ್ಯಾಟಲೈಟು. ನಿಜಕ್ಕೆ ದೇಶ ದೇಶದ ನಡುವೆ ಬಹುಪಾಲು ಓಡಾಟ ಸಮುದ್ರದ ತಳದ ಕೇಬಲ್ಲಿನಲ್ಲಿ. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಎರಡು ಕೇಬಲ್ ತುಂಡಾದಾಗ ಭಾರತದಲ್ಲಿ ಇಂಟರ್ನೆಟ್ ಕುಂಟಿತು. ಅದು ಹಾಗಿರಲಿ, ಈಗ ಗಲ್ಲಾಪೆಟ್ಟಿಗೆ ಹತ್ತಿರ ಬರೋಣ.

ಮಂಡಕ್ಕಿ ಅಂಗಡಿಯ ನಲವತ್ತು ರೂಪಾಯಿ ಸಂದೇಶ ಎಷ್ಟು ದೊಡ್ಡದು? ಒಂದು ಫೋಟೋಕ್ಕಿಂತ ಎಷ್ಟೋ ಚಿಕ್ಕದು. ಅದಕ್ಕೆ 5ಜಿ ಬೇಕಿಲ್ಲ. ಆದರೂ ಯಾಕೆ ನಿಲ್ಲುತ್ತದೆ? ಯಾಕೆಂದರೆ ಅದು ಹಾಯಬೇಕಾದ ಬಾಗಿಲು ಹಲವು. ಗಿರಾಕಿಯ ಆಪು, ಆ ಆಪಿನ ಹಿಂದಿನ ಬ್ಯಾಂಕು, ಅಲ್ಲಿಂದ ಎನ್‌ಪಿಸಿಐ, ಅಲ್ಲಿಂದ ಗಿರಾಕಿಯ ಖಾತೆ ಇರುವ ಬ್ಯಾಂಕು. ದುಡ್ಡು ಕಟ್. ಮತ್ತೆ ಎನ್‌ಪಿಸಿಐ, ಅಂಗಡಿಯವರ ಬ್ಯಾಂಕು, ದುಡ್ಡು ಜಮಾ. ಆಮೇಲೆ ವಾಪಸು ಸುದ್ದಿ. ನಡುವೆ ಒಂದು ಬಾಗಿಲಲ್ಲಿ ಕಾವಲುಗಾರ ತೂಕಡಿಸಿದರೂ ಸಾಕು, ಇತ್ತ ಕಟ್ಟಾಗಿದೆ, ಅತ್ತ ಬಂದಿಲ್ಲ. ಅಂಗಡಿಯ ಕೂಗುಪೆಟ್ಟಿಗೆಗೆ ಬೇರೆಯದೇ ಸಿಮ್ ಇರುತ್ತದೆ, ಅದರ ಸಿಗ್ನಲ್ ಹೋಗಿದ್ದರೆ ದುಡ್ಡು ಬಂದಿದ್ದರೂ ಪೆಟ್ಟಿಗೆ ಮೂಕ. ಹುಡುಗನ ಮಾತೂ ನಿಜ, ಯಜಮಾನರ ಮಾತೂ ನಿಜ.

ಸರ್ಕಾರಿ ಬಸ್ಸಿನಲ್ಲಿ ಇದರ ಫಜೀತಿ ಇನ್ನೂ ಹೆಚ್ಚು. ಅಲ್ಲೂ ಈಗ ಕ್ಯೂಆರ್ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಟಿಕೆಟ್ಟು, ತಕರಾರಿಲ್ಲ, ಗಂಡಸರದ್ದೇ ಪರದಾಟ. ಬಸ್ಸು ಓಡುತ್ತಿರುತ್ತದೆ, ಫೋನು ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಿರುತ್ತದೆ, ಕಂಡಕ್ಟರ್ ಒಂಟಿ ಕಾಲಲ್ಲಿ ನಿಂತಿರುತ್ತಾರೆ. "ಆಯ್ತೇನ್ರಿ?" "ತಿರುಗ್ತಾ ಐತಿ ಸಾರ್." ಮುಂದಿನ ಸ್ಟಾಪು ಬಂದೇ ಬಿಟ್ಟಿತು.

ನ್ಯಾಯಬೆಲೆ ಅಂಗಡಿ ಮುಂದಿನದ್ದು ನಗುವ ವಿಷಯವಲ್ಲ. ಅಲ್ಲಿ ಹೆಬ್ಬೆಟ್ಟು ಒತ್ತಬೇಕು. ಅದು ಆಧಾರ್ ದಾಖಲೆವರೆಗೆ ಹೋಗಿ 'ಹೌದು, ಇವರೇ' ಎಂಬ ಉತ್ತರ ತರಬೇಕು. ಉತ್ತರ ಬರುವ ತನಕ ಅಕ್ಕಿ ಮೂಟೆ ಕಣ್ಣೆದುರೇ ಇದ್ದರೂ ಅಳೆಯುವ ಹಾಗಿಲ್ಲ. ಬೀಗದಕೈ ಬಾರದ ಸಿನಿಮಾ ಇದ್ದ ಹಾಗೆ. 'ಸರ್ವರ್ ಇಲ್ಲ, ನಾಳೆ ಬಾ ಅಮ್ಮಾ' ಅಂದರೆ ಕೂಲಿ ಬಿಟ್ಟು ಬಂದ ಹೆಂಗಸಿಗೆ ಇವತ್ತಿನ ಕೂಲಿಯೂ ಹೋಯಿತು, ನಾಳೆಯದ್ದೂ ಹೋಯಿತು. ಆಕೆ ಬಯ್ಯುವುದು ಎದುರಿಗಿರುವ ಅಂಗಡಿಯವನನ್ನು. ಸರ್ವರ್ ಎಲ್ಲಿದೆ ಎಂದು ಆಕೆಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಸಿನಿಮಾದವರು ಈ ಒಂದು ದೃಶ್ಯವನ್ನು ಇದ್ದ ಹಾಗೇ, ಕತ್ತರಿ ಹಾಕದೆ, ಎರಡು ಗಂಟೆ ತೋರಿಸಲಿ ನೋಡೋಣ.

ಚಕ್ರ ತಿರುಗುವಾಗ ನಾವೆಲ್ಲ ಮಾಡುವುದೇನು? ಮತ್ತೆ ಒತ್ತುತ್ತೇವೆ, ಬ್ಯಾಲೆನ್ಸ್ ನೋಡುತ್ತೇವೆ, ಮತ್ತೆ ಒತ್ತುತ್ತೇವೆ. 2025ರ ಮಾರ್ಚ್ 26ರಂದು ಒಮ್ಮೆ, ಏಪ್ರಿಲ್ 12ರಂದು ಇನ್ನೊಮ್ಮೆ ದೇಶದ ತುಂಬ ಯುಪಿಐ ಕೈಕೊಟ್ಟಿತು. ಏಪ್ರಿಲ್‌ನದಕ್ಕೆ ಒಂದು ಮುಖ್ಯ ಕಾರಣ, 'ಆ ದುಡ್ಡು ಏನಾಯ್ತು' ಎಂದು ಬ್ಯಾಂಕುಗಳ ಕಡೆಯಿಂದಲೇ ಪದೇ ಪದೇ ವಿಚಾರಣೆ ಹೋಗಿ ದಾರಿ ಜಾಮ್ ಆದದ್ದು. ಆಮೇಲೆ ಎನ್‌ಪಿಸಿಐ ಅದಕ್ಕೆ ಲಗಾಮು ಹಾಕಿತು. ಮೊದಲು ಮೂವತ್ತು ಸೆಕೆಂಡು ಇದ್ದ ಪಾವತಿಯ ಗಡುವನ್ನು 2025ರ ಜೂನ್ 16ರಿಂದ ಹದಿನೈದಕ್ಕೆ ಇಳಿಸಿತು. ಆಗಸ್ಟ್ 1ರಿಂದ ಒಂದು ಆಪಿನಲ್ಲಿ ಬ್ಯಾಲೆನ್ಸ್ ನೋಡುವುದು ದಿನಕ್ಕೆ ಐವತ್ತೇ ಸಲ. ಐವತ್ತು ಸಲ ನೋಡುವಷ್ಟು ದುಡ್ಡು ನಮ್ಮ ಖಾತೆಯಲ್ಲಿ ಎಲ್ಲಿದೆ ಎಂದು ಕೇಳಬೇಡಿ.

ಜಗಳದ ಮಧ್ಯೆ ಯಾರೂ ಎತ್ತದ ಒಂದು ಕಾನೂನಿದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಅಂಗಡಿಗೆ ಕೊಟ್ಟ ಯುಪಿಐ ದುಡ್ಡು ಇತ್ತ ಕಟ್ಟಾಗಿ ಅತ್ತ ಖಾತ್ರಿಯಾಗದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸು ಬರಬೇಕು. ಒಬ್ಬರಿಂದ ಒಬ್ಬರ ಖಾತೆಗೆ ಕಳಿಸಿದ್ದಾದರೆ ಮಾರನೇ ದಿನದೊಳಗೆ. ಅದು ದಾಟಿದರೆ ದಿನಕ್ಕೆ ನೂರು ರೂಪಾಯಿ ಪರಿಹಾರವನ್ನು ಬ್ಯಾಂಕಿನವರೇ ಕೊಡಬೇಕು. ಹೀಗಾಗಿ ಅಂಗಡಿಯ ಅಣ್ಣನ ಕೊರಳಪಟ್ಟಿ ಹಿಡಿಯುವುದು ಬೇಡ, ಗಿರಾಕಿಯ ಫೋನ್ ಕಿತ್ತಿಟ್ಟುಕೊಳ್ಳುವುದೂ ಬೇಡ. ಫೋನಿನಲ್ಲಿ ಆ ಪಾವತಿಯನ್ನು ತೆರೆದರೆ ಯುಪಿಐ ಹೆಸರಿನಲ್ಲಿ ಹನ್ನೆರಡು ಅಂಕಿಯ ಒಂದು ನಂಬರು ಸಿಗುತ್ತದೆ. ಇಬ್ಬರೂ ಒಂದೊಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಪಕ್ಕದಲ್ಲಿ ತಾರೀಖು, ಹೊತ್ತು. ಬ್ಯಾಂಕಿನ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.