ಒಡೆದ ಬಾಟಲಿಯಿಂದ ಮಣಿಸರ



ಬೀಜ ಗೊಬ್ಬರದ ಮಾತು ಬಿಟ್ಟು ಈತ ಮಣಿಸರದ ಮಾತು ಏಕೆ ಎತ್ತಿದ ಎಂದು ನಗಬೇಡಿ. ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ, ತಿಪ್ಪೆಯ ಅಂಚಿನಲ್ಲಿ ಬಿದ್ದಿರುವ ಒಡೆದ ಬಾಟಲಿ ಎತ್ತಿನ ಕಾಲಿಗೂ ಕಳೆ ಕೀಳುವ ಹೆಂಗಸರ ಪಾದಕ್ಕೂ ಮಾಡುವ ಗಾಯ ನಿಮಗೆ ಗೊತ್ತೇ ಇದೆ. ಗಾಜು ಎಲೆಯಂತೆ ಕೊಳೆಯುವುದಿಲ್ಲ, ಕಬ್ಬಿಣದಂತೆ ತುಕ್ಕು ಹಿಡಿದು ಸವೆಯುವುದೂ ಇಲ್ಲ. ಅದೇ ಗಾಜನ್ನು ಆರಿಸಿ, ಮಣಿ ಮಾಡಿ, ಸರ ಪೋಣಿಸಿ ಮಾರಿ ಬದುಕುವ ಜನ ಲೋಕದಲ್ಲಿ ಇದ್ದಾರೆ. ಸುಗ್ಗಿ ಮುಗಿದು ಮುಂಗಾರು ಬರುವ ತನಕದ ಬಿಡುವಿನಲ್ಲಿ ನಮ್ಮ ಮಹಿಳಾ ಮಂಡಲಿಗಳೂ ಸ್ವಸಹಾಯ ಸಂಘಗಳೂ ಈ ಉಪಕಸುಬನ್ನು ಹಿಡಿಯಬಹುದೇ? ಹಿಡಿದರೆ ಲಾಭವೆಲ್ಲಿ, ನಷ್ಟವೆಲ್ಲಿ? ಇದನ್ನು ವಿಚಾರ ಮಾಡೋಣ.

ಗಾಜಿನ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ತಾಳಿಯ ಕರಿಮಣಿ, ಕೈಯ ಬಳೆ ಎರಡೂ ಗಾಜೇ ಅಲ್ಲವೇ? ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಗಾಜು ಕರಗಿಸಿ ಬಳೆ ಮಾಡುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ತನ್ನ ಪ್ರವಾಸದ ಪುಸ್ತಕದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಆಂಧ್ರದಲ್ಲಿ ತಿರುಪತಿಯ ಹತ್ತಿರದ ಪಾಪಾನಾಯ್ಡುಪೇಟೆ ಎಂಬ ಹಳ್ಳಿ ಮಣಿಗೆ ಹೆಸರಾದದ್ದು. ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು, ಆರಿದ ಮೇಲೆ ಸಣ್ಣಗೆ ತುಂಡರಿಸುವುದು ಅಲ್ಲಿನ ರೀತಿ. ಅದಕ್ಕೆ ದೊಡ್ಡ ಕುಲುಮೆ ಬೇಕು, ತಲೆಮಾರಿನಿಂದ ಬಂದ ಕೈಚಳಕ ಬೇಕು. ನಮ್ಮ ಮಂಡಲಿಗಳು ಅದಕ್ಕೆ ಕೈ ಹಾಕುವುದು ಬೇಡ ಎಂದೇ ನನ್ನ ಅಭಿಪ್ರಾಯ.

ನಮಗೆ ಹತ್ತಿರವಾಗಿ ತೋರುವುದು ದೂರದ ಘಾನಾ ದೇಶದ ಕ್ರಮ. ಆಫ್ರಿಕದ ಪಶ್ಚಿಮ ಭಾಗದಲ್ಲಿರುವ ಆ ದೇಶದಲ್ಲಿ ಒಡುಮಾಸೆ ಎಂಬ ಊರಿನ ಸುತ್ತಮುತ್ತ ಕ್ರೋಬೋ ಎಂಬ ಜನ ಇದ್ದಾರೆ. ಹಳೆಯ ಬಾಟಲಿಗಳೇ ಇವರ ಕಚ್ಚಾ ಮಾಲು. ಬಾಟಲಿ ಒಡೆದು ಕಬ್ಬಿಣದ ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ನುಣುಪು ಪುಡಿ ಮಾಡುತ್ತಾರೆ. ಮಣ್ಣಿನ ಬಿಲ್ಲೆಯಲ್ಲಿ ಸಾಲಾಗಿ ಗುಳಿ ಮಾಡಿ ಸುಟ್ಟರೆ ಅದೇ ಅಚ್ಚು. ನಮ್ಮ ಗುಳಿ ಪಡ್ಡಿನ ಹಂಚನ್ನು ನೆನೆದುಕೊಳ್ಳಿ, ಆದರೆ ಗುಳಿ ಮಣಿಯಷ್ಟೇ ಚಿಕ್ಕದು. ಗಾಜು ಅಚ್ಚಿಗೆ ಅಂಟದಿರಲು ಒಳಗೆ ಬಿಳಿ ಜೇಡಿಮಣ್ಣಿನ ತೆಳು ಲೇಪ. ಇನ್ನು ಮಣಿಗೆ ತೂತು ಬೇಕಲ್ಲ! ಇದಕ್ಕೆ ಅವರು ಕಂಡುಕೊಂಡ ಉಪಾಯ ಬಲು ಚೆನ್ನಾಗಿದೆ. ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟನ್ನು ತುಂಡು ಮಾಡಿ ನಿಲ್ಲಿಸಿ, ಸುತ್ತಲೂ ಗಾಜಿನ ಪುಡಿ ತುಂಬುತ್ತಾರೆ. ಬೆಂಕಿಯಲ್ಲಿ ತೊಟ್ಟು ಸುಟ್ಟು ಬೂದಿಯಾಗುತ್ತದೆ, ಅದು ನಿಂತಿದ್ದ ಜಾಗ ತೂತಾಗಿ ಉಳಿಯುತ್ತದೆ.

ಅವರ ಗೂಡು ಕಟ್ಟುವುದು ಯಾವುದರಿಂದ ಗೊತ್ತೇ? ಹುತ್ತದ ಮಣ್ಣಿನಿಂದ. ಗೆದ್ದಲು ಹದ ಮಾಡಿದ ಆ ಮಣ್ಣು ಶಾಖ ತಡೆಯುತ್ತದೆ. ಕಾವು ಸುಮಾರು 800 ಡಿಗ್ರಿ ಸೆಂಟಿಗ್ರೇಡು ಮುಟ್ಟಬೇಕು. ಅಚ್ಚು ಅರ್ಧ ಗಂಟೆಯಿಂದ ಒಂದು ಗಂಟೆ ಒಳಗಿದ್ದರೆ ಪುಡಿ ಪೂರ್ತಿ ನೀರಾಗದೆ ಒಂದಕ್ಕೊಂದು ಬೆಸೆದುಕೊಂಡು ಮಣಿಯಾಗುತ್ತದೆ. ಪುಡಿಯ ಬದಲು ಗಾಜಿನ ಚೂರನ್ನೇ ಹಾಕಿದರೆ ಬೆಳಕು ಹಾಯುವ ಮಣಿ ಬರುತ್ತದೆ. ಆಗ ಅಚ್ಚನ್ನು ಹೊರತೆಗೆದು, ಗಾಜು ಮೆತ್ತಗಿರುವಾಗಲೇ ಕಬ್ಬಿಣದ ದಬ್ಬಳದಂಥ ಸಲಾಕೆಯಿಂದ ತೂತು ಮಾಡಿ ತಿರುಗಿಸಿ ದುಂಡಗೆ ಮಾಡುತ್ತಾರೆ. ಕೊನೆಗೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಉಜ್ಜಿ ಹೊಳಪು ಕೊಡುತ್ತಾರೆ.

ಈ ಕಸುಬು ಅಲ್ಲಿ ಉಳಿದುದಕ್ಕೆ ಪರದೇಶದ ಗಿರಾಕಿಗಳಷ್ಟೇ ಕಾರಣವಲ್ಲ. ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ಆ ಜನ ಡಿಪೋ ಎಂಬ ಶಾಸ್ತ್ರ ಮಾಡುತ್ತಾರೆ (ನಮ್ಮ ಬಸ್ಸಿನ ಡಿಪೋ ಅಲ್ಲ!). ಆಗ ಕೊರಳಿಗೂ ಸೊಂಟಕ್ಕೂ ಮಣಿ ತೊಡಿಸಲೇಬೇಕು. ಮಾಡುವವರ ನೆಂಟರಿಷ್ಟರೇ ತೊಡುವ ವಸ್ತುವಿಗೆ ಸಂತೆ ಎಂದೂ ಬತ್ತುವುದಿಲ್ಲ. ನಮ್ಮ ಸಂಘದವರೂ ಮೊದಲ ಸರವನ್ನು ತಾವೇ ತೊಟ್ಟು ಮದುವೆ ಮನೆಗೆ ಹೋಗಿ ಬರುವುದು ಒಳ್ಳೆಯದು.

ಈಗ ಎಚ್ಚರಿಕೆಯ ಮಾತು. ಹಿರಿಯರು ದಯವಿಟ್ಟು ಇದನ್ನು ಮನೆಯಲ್ಲಿ ಓದಿ ಹೇಳಬೇಕು. ಕೀಟನಾಶಕ, ಕಳೆನಾಶಕ ತುಂಬಿದ್ದ ಬಾಟಲಿಯನ್ನು ಎಷ್ಟು ಸಲ ತೊಳೆದಿದ್ದರೂ ಈ ಕೆಲಸಕ್ಕೆ ಮುಟ್ಟಬೇಡಿ. ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ. ಹಳೆಯ ಟೀವಿಯ ದಪ್ಪ ಗಾಜಿನಲ್ಲಿ ಸೀಸವಿದೆ. ಇವೆರಡೂ ಬೇಡ. ಸೋಡಾ, ಶರಬತ್ತು, ಉಪ್ಪಿನಕಾಯಿಯ ಬಾಟಲಿ ಸಾಕು. ಬಾಟಲಿಯನ್ನು ಗೋಣಿಚೀಲದೊಳಗೆ ಇಟ್ಟು ಒಡೆಯಿರಿ. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ದಪ್ಪ ಚೀಲ, ಮೂಗು ಬಾಯಿಗೆ ಧೂಳು ತಡೆಯುವ ಮುಖಗವಸು ಇಲ್ಲದೆ ಕುಟ್ಟಲು ಕೂಡದು. ಕುಟ್ಟುವ ಜಾಗ ಬಯಲಾಗಿರಲಿ, ಮಕ್ಕಳು ಕೋಳಿ ಸುಳಿಯದಿರಲಿ. ಅಡಿಗೆಮನೆಯ ಒರಳನ್ನಂತೂ ಇದಕ್ಕೆ ಕೊಡಲೇಬೇಡಿ, ಆಮೇಲೆ ಚಟ್ನಿಯಲ್ಲಿ ಗಾಜು ತಿನ್ನಬೇಕಾದೀತು.

ಒಂದು ಮಣಿಗೆ ಒಂದೇ ಬಗೆಯ ಬಾಟಲಿಯ ಗಾಜು ಹಾಕಿ. ಕಾದಾಗ ಹಿಗ್ಗಿ ಆರುವಾಗ ಕುಗ್ಗುವುದರಲ್ಲಿ ಗಾಜಿನಿಂದ ಗಾಜಿಗೆ ವ್ಯತ್ಯಾಸವುಂಟು. ಹೊಂದದ ಎರಡು ಸೇರಿದರೆ ಮಣಿ ಸೀಳುತ್ತದೆ. ಅದಕ್ಕಿಂತ ಹೆಚ್ಚಾಗಿ ಮಣಿ ಕೆಡುವುದು ಅವಸರದಿಂದ. ಬೆಂಕಿಯಿಂದ ತೆಗೆದು ಗಾಳಿಗಿಟ್ಟರೆ ಹೊರಮೈ ಬೇಗ ಗಟ್ಟಿಯಾಗಿ ಒಳಗೆ ಬಿಗಿ ಉಳಿಯುತ್ತದೆ. ಆ ಮಣಿ ಅಂದು ಚೆನ್ನಾಗಿ ಕಂಡರೂ ನಾಲ್ಕು ದಿನದ ಮೇಲೆ ತಾನಾಗಿ ಬಿರಿದೀತು. ಆದ್ದರಿಂದ ಬಿಸಿ ಬೂದಿಯಲ್ಲಿ ಮುಚ್ಚಿ ನಿಧಾನವಾಗಿ ಆರಲು ಬಿಡಬೇಕು. ವಾರವಿಟ್ಟು, ಬಿಸಿಲಿಗೆ ಹಿಡಿದು, ಬಿರುಕು ಕಂಡುದನ್ನು ತೆಗೆದುಹಾಕಿ.

ಸರ ಪೋಣಿಸುವಾಗ ನೋಡಬೇಕಾದುದು ತೂತಿನ ಅಂಚು. ಅಂಚು ಚೂಪಾಗಿದ್ದರೆ ಎಂಥ ದಾರವನ್ನೂ ಅದು ಕೊಯ್ಯುತ್ತದೆ. ಸಣ್ಣ ಅರದಿಂದ ನೀರು ಹಚ್ಚಿ ಉಜ್ಜಿ ನಯ ಮಾಡಿ. ಮಣಿ ಮಣಿಯ ನಡುವೆ ಒಂದು ಗಂಟು ಹಾಕಿದರೆ ಮಣಿಗಳು ಒಂದನ್ನೊಂದು ತಿಕ್ಕುವುದಿಲ್ಲ, ದಾರ ಕಡಿದರೂ ಒಂದೋ ಎರಡೋ ಉದುರುತ್ತವೆಯೇ ಹೊರತು ಸರವೆಲ್ಲ ಚೆಲ್ಲುವುದಿಲ್ಲ.

ಮಾಲು ತಯಾರಾದ ಮೇಲೆ ಪ್ರದರ್ಶನ. ಸ್ವಸಹಾಯ ಸಂಘಗಳಿಗಾಗಿ ನಡೆಯುವ ಸರಸ್ ಮೇಳಗಳಿವೆ, ಕೃಷಿ ವಿಶ್ವವಿದ್ಯಾಲಯಗಳ ಕೃಷಿಮೇಳಗಳಿವೆ, ನಮ್ಮ ಜಾತ್ರೆಗಳಂತೂ ಇದ್ದೇ ಇವೆ. ಮಳಿಗೆಯಲ್ಲಿ ಎಲ್ಲವನ್ನೂ ಒಟ್ಟಿಗೆ ರಾಶಿ ಹಾಕಿದರೆ ಜಾತ್ರೆಯ ಪ್ಲಾಸ್ಟಿಕ್ ಸರಕ್ಕೂ ಇದಕ್ಕೂ ಭೇದ ಕಾಣದು. ಬೆಳಕು ಹಾಯುವ ಮಣಿಯನ್ನು ಹಿಂದಿನಿಂದ ಬೆಳಕು ಬೀಳುವಂತೆ ತೂಗುಹಾಕಿ. ಪುಡಿಯ ಮಣಿಯನ್ನು ಕಪ್ಪು ಕಂಬಳಿಯ ಮೇಲೆ ಹಾಸಿ, ಬಣ್ಣ ಎದ್ದು ಕಾಣುತ್ತದೆ. ಪಕ್ಕದಲ್ಲಿ ಒಂದು ಇಡೀ ಬಾಟಲಿ, ಮುಚ್ಚಳವಿರುವ ಭರಣಿಯಲ್ಲಿ ಪುಡಿ, ಬಳಸಿದ ಅಚ್ಚು, ಉಜ್ಜದ ಮಣಿ, ಉಜ್ಜಿದ ಮಣಿ ಸಾಲಾಗಿರಲಿ. ಬಂದವರು ಅದನ್ನು ನೋಡಿಯೇ ಅರ್ಧ ತಿಳಿದುಕೊಳ್ಳುತ್ತಾರೆ. ಕನ್ನಡಿ ಮರೆಯಬೇಡಿ, ಕೊರಳಿಗಿಟ್ಟು ನೋಡದೆ ಯಾವ ಹೆಣ್ಣುಮಗಳೂ ಸರ ಕೊಳ್ಳುವುದಿಲ್ಲ. ‘ರತ್ನ’, ‘ಪುರಾತನ’ ಎಂದು ಸುಳ್ಳು ಚೀಟಿ ಅಂಟಿಸಬೇಡಿ. ಹಳೆಯ ಬಾಟಲಿಯ ಗಾಜು, ಕೈಯಲ್ಲಿ ಮಾಡಿದ್ದು, ಇಂಥ ಊರಿನ ಸಂಘದ್ದು ಎಂದು ಬರೆದರೆ ಅದೇ ಹೆಚ್ಚಿನ ಬೆಲೆ ತರುತ್ತದೆ.

ಬೆಲೆ ಎಂದೆನಲ್ಲ, ಈ ಕಸುಬು ಮುಳುಗುವುದೂ ತೇಲುವುದೂ ಅಲ್ಲಿಯೇ. ‘ಬಾಟಲಿ ಬಿಟ್ಟಿ ಸಿಕ್ಕಿತು, ಹೆಂಗಸರು ಬಿಡುವಿನಲ್ಲಿ ಮಾಡಿದರು, ಬಂದದ್ದೆಲ್ಲ ಲಾಭ’ ಎಂದು ಗಂಡಸರು ಲೆಕ್ಕ ಹಾಕುವುದುಂಟು. ಮಾದರಿಗಾಗಿ ಒಂದು ಲೆಕ್ಕ ನೋಡಿ. ಒಂದು ಸರಕ್ಕೆ ಕುಟ್ಟಿ ಸುಡುವ ಪಾಲು 2 ಗಂಟೆ, ಉಜ್ಜುವುದು ಆರಿಸುವುದು 2 ಗಂಟೆ, ಪೋಣಿಸುವುದು ಒಂದೂವರೆ ಗಂಟೆ ಎನ್ನಿ. ಒಟ್ಟು ಐದೂವರೆ ಗಂಟೆ. ಸೌದೆ, ದಾರ, ಕೊಂಡಿಗೆ 40 ರೂಪಾಯಿ, ಒಡೆದು ಹೋದ ಮಣಿಗಳ ಬಾಬ್ತು 35 ರೂಪಾಯಿ ಎಂದಿಟ್ಟುಕೊಳ್ಳಿ. ಸರವನ್ನು 100 ರೂಪಾಯಿಗೆ ಕೊಟ್ಟರೆ ನಿಮ್ಮ ಮನೆಯಾಕೆಯ ಐದೂವರೆ ಗಂಟೆಯ ದುಡಿಮೆಗೆ ಸಿಕ್ಕಿದ್ದು 25 ರೂಪಾಯಿ. ಗಂಟೆಗೆ 50 ರೂಪಾಯಿ ಕೂಲಿ ಹಿಡಿದರೆ ಅದೇ ಸರ 350 ರೂಪಾಯಿ ಆಗುತ್ತದೆ, ಬಸ್ಸಿನ ಖರ್ಚು ಮಳಿಗೆಯ ಬಾಡಿಗೆ ಬೇರೆ. ಅಷ್ಟು ಕೊಡುವವರು ನಮ್ಮ ಸಂತೆಯಲ್ಲಿ ಕಡಿಮೆ, ಪಟ್ಟಣದ ಮೇಳದಲ್ಲಿ ಸಿಗಬಹುದು. ಕೊಡುವವರು ಎಲ್ಲಿಯೂ ಸಿಗಲಿಲ್ಲವಾದರೆ ಕೆಲಸ ನಿಲ್ಲಿಸುವುದೇ ಜಾಣತನ. ಅದಕ್ಕಾಗಿ ಸಾಲ ತೆಗೆಯುವುದಂತೂ ಬೇಡ. ರಾಗಿಯ ಲೆಕ್ಕ ಬರೆಯುವಾಗಲೂ ಮನೆಯವರ ಕೂಲಿಯನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ಇದೆ, ಅದರ ಮಾತು ಇನ್ನೊಂದು ಸಂಚಿಕೆಯಲ್ಲಿ ಆಡುವೆ.

ಮನಸ್ಸಿರುವ ಸಂಘದವರು ಈ ಬೇಸಗೆಯಲ್ಲಿ ಒಂದೇ ಬಣ್ಣದ ಬಾಟಲಿ ಆರಿಸಿ 50 ಮಣಿ ಮಾಡಿ ನೋಡಬಹುದು. ಅಚ್ಚನ್ನು ನಿಮ್ಮ ಊರಿನ ಕುಂಬಾರರಿಂದಲೇ ಮಾಡಿಸಿ, ಕಾವಿನ ಹದ ಅವರಷ್ಟು ಬಲ್ಲವರಿಲ್ಲ. ಮರಗೆಣಸು ಸಿಗದ ಕಡೆ ಯಾವ ಗಿಡದ ತೊಟ್ಟು ನೇರವಾಗಿ ನಿಂತು ಸ್ವಚ್ಛವಾಗಿ ಸುಡುತ್ತದೆ ಎಂಬುದನ್ನು ನಾಲ್ಕಾರು ಬಗೆ ಇಟ್ಟು ಪರೀಕ್ಷಿಸಬೇಕಾದೀತು. ಸುಡುವ ದಿನ ಗೊತ್ತಾದರೆ ಹೇಳಿಕಳಿಸಿ, ನಾನೂ ಬರುತ್ತೇನೆ.